ಪರ್ಲ್ ಹಾರ್ಬರ್ ದಾಳಿ: ಯಾವುದನ್ನು ಓದಬೇಕು, ಯಾವುದನ್ನು ನಂಬಬಾರದು

ಪ್ರಶ್ನೆ: ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಲಿದೆ ಎಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಮೊದಲೇ ಗೊತ್ತಿತ್ತಂತೆ. ಇದಕ್ಕೆ ಆಧಾರ ಕೊಡುವ ಪುಸ್ತಕ ಯಾವುದು?

ಉತ್ತರ: ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಸಾಕ್ಷಿ ಹುಡುಕುವ ಈ ಪ್ರಶ್ನೆ ಪ್ರತಿ ಡಿಸೆಂಬರಿನಲ್ಲೂ ಬರುತ್ತದೆ. ಮೊದಲು ರೋಬರ್ಟಾ ವೊಲ್‌ಸ್ಟೆಟರ್ ಅವರ ‘ಪರ್ಲ್ ಹಾರ್ಬರ್: ವಾರ್ನಿಂಗ್ ಅಂಡ್ ಡಿಸಿಷನ್’ (1962) ಓದಿ. ಸುಳಿವುಗಳಿಗೆ ಕೊರತೆಯಿರಲಿಲ್ಲ, ದಾರಿ ತಪ್ಪಿಸುವ ಸುದ್ದಿಗಳ ಗದ್ದಲದಲ್ಲಿ ಅವು ಮುಳುಗಿಹೋದವು ಎಂಬುದು ಅವರ ವಾದ. 1941ರ ಡಿಸೆಂಬರ್ 7ರ ಬೆಳಗ್ಗೆ 7.02ಕ್ಕೆ ಹವಾಯಿಯ ಒಪಾನಾ ರೇಡಾರ್ ಕೇಂದ್ರದ ಇಬ್ಬರು ಸೈನಿಕರು ವಿಮಾನಗಳ ದೊಡ್ಡ ಗುಂಪೊಂದು ಉತ್ತರದಿಂದ ಬರುತ್ತಿರುವುದನ್ನು ಕಂಡು ಫೋನ್ ಮಾಡಿದರು. ಮಾಹಿತಿ ಕೇಂದ್ರದಲ್ಲಿದ್ದ ಕಿರಿಯ ಅಧಿಕಾರಿ, ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ಬಿ-17 ಬಾಂಬರ್‌ಗಳೇ ಅವೆಂದು ಭಾವಿಸಿ, ಚಿಂತಿಸಬೇಡಿ ಎಂದರು. ಒಂದು ಗಂಟೆಯೊಳಗೆ ಬಾಂಬುಗಳು ಬೀಳತೊಡಗಿದವು. ವಾಷಿಂಗ್ಟನ್ನಿನ ಯಾವ ಸಂಚೂ ಬೇಕಿಲ್ಲದೆ ಎಚ್ಚರಿಕೆಯೊಂದು ಹೀಗೆ ವ್ಯರ್ಥವಾಗಬಲ್ಲದು.

ರೂಸ್‌ವೆಲ್ಟ್ ಗೊತ್ತಿದ್ದೂ ದಾಳಿಯನ್ನು ತಡೆಯಲಿಲ್ಲ ಎಂಬ ಸಂಚಿನ ವಾದಕ್ಕೆ ಈಗ ಎಲ್ಲರೂ ಎತ್ತಿಹಿಡಿಯುವುದು ರಾಬರ್ಟ್ ಸ್ಟಿನೆಟ್ ಅವರ ‘ಡೇ ಆಫ್ ಡಿಸೀಟ್’ (1999). ಅದರಲ್ಲಿ ಅಡಿಟಿಪ್ಪಣಿಗಳು ಹೇರಳವಾಗಿರುವುದರಿಂದಲೇ ಓದುಗರು ಮೋಸಹೋಗುತ್ತಾರೆ. ಅಮೆರಿಕನ್ನರು ಆಗ ಓದುತ್ತಿದ್ದುದು ಜಪಾನಿನ ‘ಪರ್ಪಲ್’ ಎಂಬ ರಾಜತಾಂತ್ರಿಕ ಗುಪ್ತ ಸಂಕೇತವನ್ನು, ಅದರಲ್ಲಿ ದಾಳಿಯ ಯೋಜನೆ ಇರಲಿಲ್ಲ. ಜಪಾನಿ ನೌಕಾಪಡೆಯ ಸಂಕೇತದಲ್ಲಿದ್ದ 1941ರ ಕೊನೆಯ ಸಂದೇಶಗಳನ್ನು ಬಹುಮಟ್ಟಿಗೆ ಬಿಡಿಸಿದ್ದು ಯುದ್ಧ ಮುಗಿದ ಮೇಲೆ. ಬಿಡಿಸಿದ ದಿನಾಂಕವನ್ನು ನೋಡದೆ ಯಾವ ಸಂದೇಶವನ್ನೂ ಪುರಾವೆಯೆಂದು ಒಪ್ಪಬೇಡಿ. ಇಷ್ಟನ್ನೂ ಪರೀಕ್ಷಿಸದೆ ‘ಬಯಲಾದ ರಹಸ್ಯ’ ಎಂದು ವೀಡಿಯೊ ಮಾಡುವವರು ಅಂದು ಸತ್ತ 2,403 ಅಮೆರಿಕನ್ನರಿಗೆ ಅನ್ಯಾಯ ಮಾಡುತ್ತಿದ್ದಾರೆ.

ವಿಸ್ತಾರವಾದ ಕಥನಕ್ಕೆ ಗಾರ್ಡನ್ ಪ್ರ್ಯಾಂಗ್ ಅವರ ‘ಅಟ್ ಡಾನ್ ವಿ ಸ್ಲೆಪ್ಟ್’ (1981) ಇಂದಿಗೂ ಬೇಕೇ ಬೇಕು. ಆದರೆ ದಾಳಿಯ ವಿಮಾನಗಳ ಮುಂದಾಳಾಗಿದ್ದ ಮಿತ್ಸುವೊ ಫುಚಿದಾ ಅವರ ಮಾತನ್ನು ಅದು ಹೆಚ್ಚು ನಂಬಿದೆ. ಮತ್ತೊಂದು ದಾಳಿಗೆ ತಾನು ಒತ್ತಾಯಿಸಿದ್ದೆ ಎಂಬ ಅವರ ಹೇಳಿಕೆಯನ್ನು, ಅದನ್ನು ಪ್ರಶ್ನಿಸುವ ಅಲನ್ ಝಿಮ್ ಅವರ 2011ರ ಪುಸ್ತಕದ ಜೊತೆ ಇಟ್ಟು ಓದಿ. ತಾಳ್ಮೆಯುಳ್ಳವರು 1945-46ರಲ್ಲಿ ಅಮೆರಿಕದ ಸಂಸತ್ತು ನಡೆಸಿದ ವಿಚಾರಣೆಯ 39 ಭಾಗಗಳಿಗೇ ಹೋಗಲಿ, ಸಾಕ್ಷಿಗಳ ಮಾತು ಅಲ್ಲಿ ನೇರವಾಗಿ ಸಿಗುತ್ತದೆ.

ಪ್ರಶ್ನೆ: ದಾಳಿಯ ದಿನ ಬಂದರಿನಲ್ಲಿಲ್ಲದ ಅಮೆರಿಕದ ವಿಮಾನವಾಹಕ ನೌಕೆಗಳನ್ನು ಬೇಕೆಂದೇ ಹೊರಗೆ ಕಳುಹಿಸಿದ್ದರೇ?

ಉತ್ತರ: ಇಲ್ಲ. ವೇಕ್ ದ್ವೀಪಕ್ಕೆ ಯುದ್ಧವಿಮಾನ ಮುಟ್ಟಿಸಿ ಮರಳುತ್ತಿದ್ದ ‘ಎಂಟರ್‌ಪ್ರೈಸ್’ 6ರಂದೇ ಬಂದರಿನಲ್ಲಿರಬೇಕಿತ್ತು, ಬಿರುಸಾದ ಹವೆಯಿಂದ ತಡವಾಯಿತು.

ಪ್ರಶ್ನೆ: ಸಿನಿಮಾ ನೋಡಿದರೆ ಸಾಲದೇ?

ಉತ್ತರ: ಸಾಲದು.

ಪ್ರಶ್ನೆ: ಜಪಾನಿನ ದೃಷ್ಟಿಯಿಂದ ಬರೆದದ್ದು ಇದೆಯೇ?

ಉತ್ತರ: ಎರಿ ಹೊಟ್ಟಾ ಅವರ ‘ಜಪಾನ್ 1941’ ಓದಿ. ಗೆಲ್ಲುವ ಭರವಸೆಯಿಲ್ಲದ ನಾಯಕರೂ ಸಭೆಯಿಂದ ಸಭೆಗೆ ಯುದ್ಧದತ್ತ ಹೇಗೆ ಜಾರಿದರೆಂಬುದು ಅಲ್ಲಿದೆ.