ಧಕ್ಕೆಯ ಕಂಬದಿಂದ ಶುರುಮಾಡಿ

ನಮಸ್ಕಾರ.

ನೆಲದಿಂದ ಉಪಗ್ರಹಕ್ಕೆ ಲೇಸರ್ ಬಿಟ್ಟು ದೂರ ಅಳೆಯುವ ಕೇಂದ್ರಗಳ ಬಗ್ಗೆ ಕಾರವಾರದಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 'ಅನಾದಿ ಕಾಲದಿಂದ ಮಾನವನು ಆಗಸದತ್ತ' ಅಂತ ಶುರುವಾದರೆ ಓದುವವರು ಅಲ್ಲೇ ಪುಟ ಮಗುಚುತ್ತಾರೆ. ಮೂರನೇ ಪುಟದಲ್ಲಿ ಒಂದು ಸಾಲು ಇದೆ. ದೋಣಿ ನಿಲ್ಲುವ ಬೈತಖೋಲದ ಧಕ್ಕೆಯಲ್ಲಿ ನಿಮ್ಮ ಅಪ್ಪ ಕಂಬಕ್ಕೆ ಹತ್ತಿದ ಚಿಪ್ಪಿನ ಗೆರೆ ನೋಡಿ ಭರತ ಎಷ್ಟು ಬಂದಿದೆ ಎಂದು ಹೇಳುತ್ತಿದ್ದರು ಅಂತ. ನಾನು ಅಲ್ಲೇ ನಿಂತೆ. ನಿಮ್ಮ ಲೇಖನ ಇರುವುದು ಆ ಕಂಬದಲ್ಲಿ.

ಯಾಕೆಂದರೆ ಕಂಬ ನಿಂತಿರುವುದು ನೆಲದ ಮೇಲೆ. ವರ್ಷಗಳು ಕಳೆದ ಮೇಲೆ ನೀರಿನ ಗೆರೆ ಎರಡು ಬೆರಳು ಮೇಲೆ ಬಂತು ಅಂದುಕೊಳ್ಳಿ. ಕಡಲು ಏರಿತೋ, ನೆಲ ಕುಸಿಯಿತೋ? ಕಂಬ ಹೇಳುವುದಿಲ್ಲ. ಬಂದರುಗಳಲ್ಲಿ ಇಡುವ ಭರತ ಅಳೆಯುವ ಯಂತ್ರಕ್ಕೂ ಇದೇ ತೊಡಕು. ನೆಲವನ್ನು ನಂಬದೆ ಅಳೆಯಬೇಕಾದರೆ ಭೂಮಿಯ ತೂಕದ ನಡು ಎಲ್ಲಿದೆ ಎಂದು ಗೊತ್ತಿರಬೇಕು. ನೆಲ, ನೀರು, ಗಾಳಿ ಎಲ್ಲ ಸೇರಿದ ತೂಕದ ನಡು. ಉಪಗ್ರಹ ಸುತ್ತುವುದು ಅದರ ಸುತ್ತಲೇ ಅಲ್ವಾ? ಅದರ ದಾರಿಯನ್ನು ಕರಾರುವಾಕ್ಕಾಗಿ ಅಳೆದರೆ ನಡು ಸಿಗುತ್ತದೆ. ಲೇಸರ್ ಕೇಂದ್ರಗಳ ದೊಡ್ಡ ಕೆಲಸ ಇದು. 1993ರಿಂದೀಚಿನ ಜಗತ್ತಿನ ಸರಾಸರಿ ನೋಡಿದರೆ ಕಡಲು ವರ್ಷಕ್ಕೆ 3 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಏರಿದೆ. ಆ ತೂಕದ ನಡು ಎಲ್ಲಿದೆ ಎಂಬ ಲೆಕ್ಕವೇ ವರ್ಷಕ್ಕೆ 1 ಮಿ.ಮೀ. ಜಾರಿದರೆ ಆ 3ಕ್ಕೆ ಏನು ಬೆಲೆ? ನಿಮ್ಮ ಹನ್ನೊಂದು ಪುಟದಲ್ಲಿ ಈ ಮಾತು ಒಂದು ಕಡೆಯೂ ಇಲ್ಲ.

ಇನ್ನು ತಪ್ಪುಗಳು. 'ಉಪಗ್ರಹ ಕೆಳಕ್ಕೆ ಲೇಸರ್ ಬಿಡುತ್ತದೆ' ಎಂದು ಬರೆದಿದ್ದೀರಿ. ಉಲ್ಟಾ ಆಗಿದೆ. ಬೆಳಕು ಹೋಗುವುದು ಇಲ್ಲಿಂದ. 1976ರಲ್ಲಿ ಹಾರಿಸಿದ ಲೇಜಿಯೋಸ್ ಎಂಬ ಉಪಗ್ರಹ ನೋಡಿ. 60 ಸೆಂ.ಮೀ. ಅಗಲದ ಚೆಂಡು, ತೂಕ 400 ಕಿಲೋ ದಾಟುತ್ತದೆ. ಒಳಗೆ ಹಿತ್ತಾಳೆ, ಹೊರಗೆ ಅಲ್ಯೂಮಿನಿಯಂ. ಬ್ಯಾಟರಿ ಇಲ್ಲ, ಯಂತ್ರ ಇಲ್ಲ. ಮೈತುಂಬ 426 ಗಾಜಿನಂಥ ಬಿಲ್ಲೆಗಳು, ಅಷ್ಟೇ. ಒಂದೊಂದೂ ಬಂದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ದೇವಿಮನೆ ಘಟ್ಟದಲ್ಲಿ ರಾತ್ರಿ ಬಸ್ಸಿನ ದೀಪ ಬಿದ್ದಾಗ ಮುಂದಿನ ಸೈಕಲ್ಲಿನ ಕೆಂಪು ಬಿಲ್ಲೆ ಹೊಳೆಯುತ್ತದಲ್ಲ, ಅದೇ ಉಪಾಯ. ಚೆಂಡು ಇರುವುದು ಸುಮಾರು 5,900 ಕಿ.ಮೀ. ಮೇಲೆ. ನೆತ್ತಿಯ ಮೇಲಿದ್ದಾಗ ಬೆಳಕು ಹೋಗಿಬರಲು ಸೆಕೆಂಡಿನ 25ರಲ್ಲಿ ಒಂದು ಪಾಲು ಸಾಕು. ಆ ಹೊತ್ತನ್ನು ಅಳೆದು ದೂರವನ್ನು ಮಿ.ಮೀ. ಮಟ್ಟಕ್ಕೆ ತರುತ್ತಾರೆ. ಇಲ್ಲಿ ಅವಸರ ಮಾಡಬೇಡಿ. ಒಂದು ಪುಟ ಪೂರ್ತಿ ಕೊಡಿ.

ಕಡಲಿನ ಮಟ್ಟವನ್ನು ಲೇಸರೇ ಅಳೆಯುತ್ತದೆ ಅನ್ನುವುದೂ ಸರಿಯಲ್ಲ. 2013ರಲ್ಲಿ ಇಸ್ರೋ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಸರಲ್ ಉಪಗ್ರಹ ನೀರಿನ ಮಟ್ಟವನ್ನು ಅಳೆದದ್ದು ರಾಡಾರ್‌ನಿಂದ. ಆ ಉಪಗ್ರಹ ಆಗ ಎಷ್ಟು ಎತ್ತರದಲ್ಲಿತ್ತು ಎಂದು ಒರೆಹಚ್ಚಲು ಲೇಸರ್ ಬೇಕು.

ಕೊನೆಯ ದೃಶ್ಯ ನನಗೂ ಇಷ್ಟವಾಯಿತು. ಕಾಳಿ ಕಡಲು ಸೇರುವಲ್ಲಿ, ಆಷಾಢದ ಮಳೆಯಲ್ಲಿ, ಗುಡ್ಡದ ಮೇಲಿಂದ ಹಸಿರು ಗೆರೆ ಮುಗಿಲಿಗೆ ಏರುವುದು. ಆದರೂ ತೆಗೆಯಲೇಬೇಕು. ಮೋಡ ದಟ್ಟವಾಗಿದ್ದರೆ ಈ ಕೆಲಸ ನಿಂತಂತೆ. ನಮ್ಮ ಜೂನ್, ಜುಲೈ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ಅದರ ಬದಲು, ಮಳೆಗಾಲದಲ್ಲಿ ಯಂತ್ರ ಕಣ್ಣುಮುಚ್ಚಿ ಕೂರುವುದನ್ನೇ ಬರೆಯಿರಿ. ಅದು ನಿಜ, ಅದು ನಮ್ಮದು.

ಒಂದು ಅಮಾವಾಸ್ಯೆಯ ದಿನ ಅಪ್ಪನ ಜೊತೆ ಧಕ್ಕೆಗೆ ಹೋಗಿ. ಭರತದಿಂದ ಇಳಿತದವರೆಗೆ ಆ ಕಂಬದ ಹತ್ತಿರ ಕೂರಿ. ಚಿಪ್ಪಿನ ಗೆರೆ ಎಷ್ಟು ಮೇಲಿದೆ, ನೀರು ಎಷ್ಟು ಹೊತ್ತಿಗೆ ಮುಟ್ಟಿತು, ಅಪ್ಪ ಏನಂದರು, ಬರೆದುಕೊಳ್ಳಿ. ಐದು ಪುಟ ಸಾಕು. ಚೌತಿಯೊಳಗೆ ಬಂದರೆ ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ, ಶಿರಸಿ