ಮೀನು ಎಣಿಸೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ?

ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ಗೆ ಎಂಎಸ್ ಮಾಡಲು ಬಂದು ಒಂದು ತಿಂಗಳಾಯಿತು ಅಂತ ಬರೆದಿದ್ದೀರಿ. ಮೂರು ಪ್ರಶ್ನೆ ಕೇಳಿದ್ದೀರಿ. ವನ್ಯಜೀವಿ, ನದಿ, ಸರ್ಕಾರಿ ಜಮೀನು ನೋಡಿಕೊಳ್ಳುವ ಇಲಾಖೆಗಳಿಗೆ ಸಂಶೋಧನೆ ಮಾಡಿಕೊಡುವ ಕೆಲಸದಲ್ಲಿ ನಮ್ಮಂಥವರಿಗೆ ಜಾಗ ಇದೆಯಾ? ಒಂಟಿತನ ಕಾಡುತ್ತಾ? "ಮೀನು ಎಣಿಸೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ" ಅಂತ ಮನೆಯಲ್ಲಿ ಕೇಳಿದರೆ ಏನು ಹೇಳಲಿ?

ಮೂರನೆಯದು ನನಗೂ ಎದುರಾಗಿತ್ತು. ಅಣೆಕಟ್ಟೆಯಿಂದ ಎಷ್ಟು ನೀರು ಬಿಡಬೇಕು ಅಂತ ಮೀನನ್ನು ಕೇಳಿ ಹೇಳೋ ಕೆಲಸ ಅಂದಿದ್ದೆ. "ಮೀನು ಏನಂತು?" ಅಂದರು ಅಮ್ಮ. 17 ವರ್ಷ ಆದಮೇಲೂ ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳುತ್ತಾರೆ.

ಮೊದಲು ಚಳಿಯ ವಿಷಯ ಹೇಳಿಬಿಡುತ್ತೇನೆ. ಅರಿಜೋನಾ ಅಂದರೆ ಮರುಭೂಮಿ ಅಂದುಕೊಂಡು ನಾನು ಒಂದೇ ಸ್ವೆಟರ್ ತಂದಿದ್ದೆ. ಈ ಊರು ಸುಮಾರು 7,000 ಅಡಿ ಎತ್ತರದಲ್ಲಿದೆ, ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ನೀವೇ ಎತ್ತಿ ಹಾಕಬೇಕು. ಇನ್ನೊಂದು, ಡ್ರೈವಿಂಗ್ ಲೈಸೆನ್ಸ್ ಬೇಗ ಮಾಡಿಸಿಕೊಳ್ಳಿ. ನಮ್ಮ ಕೆಲಸದಲ್ಲಿ ಅರ್ಧ ದಿನ ಸ್ಟೀರಿಂಗ್ ಹಿಂದೆಯೇ ಕಳೆಯುತ್ತದೆ.

ಇನ್ನು ಕೆಲಸ. ನಮ್ಮ ಪಕ್ಕದಲ್ಲೇ ಇರುವ ಕೊಲರಾಡೊ ನದಿಯನ್ನೇ ತೆಗೆದುಕೊಳ್ಳಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯ ಬಾಗಿಲು ಮುಚ್ಚಿ ನೀರು ನಿಲ್ಲಿಸತೊಡಗಿದ್ದು 1963ರಲ್ಲಿ. ಅದಕ್ಕೆ ಮುಂಚೆ ಕೆಳಗಿನ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ಒಳಗೆ ಬೇಸಿಗೆಯಲ್ಲಿ ಬೆಚ್ಚಗಿನ ಕೆಸರು ನೀರು ಹರಿಯುತ್ತಿತ್ತು. ಆಮೇಲೆ ಬಂದದ್ದು ಜಲಾಶಯದ ಆಳದಿಂದ ಬಿಟ್ಟ ತಣ್ಣನೆಯ ತಿಳಿನೀರು. ಮರಳೆಲ್ಲ ಮೇಲೆ ಆ ಜಲಾಶಯದಲ್ಲೇ, ಅಂದರೆ ಲೇಕ್ ಪೊವೆಲ್‌ನಲ್ಲೇ ಕೂತುಬಿಟ್ಟಿತು, ಕೆಳಗಿನ ದಡದ ಮರಳು ದಿಣ್ಣೆಗಳು ಸವೆಯತೊಡಗಿದವು. ದಿಣ್ಣೆ ಮತ್ತೆ ಬೆಳೆಯಲಿ ಅಂತ 1996ರಲ್ಲಿ ಅಣೆಕಟ್ಟೆಯಿಂದ ಬೇಕೆಂದೇ ಒಂದು ಪ್ರವಾಹ ಬಿಟ್ಟರು. ಏಳು ದಿನ, 45,000 ಕ್ಯೂಸೆಕ್. (ಕ್ಯೂಸೆಕ್ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಿಲ್ಲ ಬಿಡಿ, ಮಳೆಗಾಲದ ಪೇಪರ್ ಓದಿಯೇ ಬೆಳೆದವರು.) ದಿಣ್ಣೆ ಬೆಳೆದವು, ಎಲ್ಲರಿಗೂ ಖುಷಿ. ಆದರೆ ನದಿಯ ತಳದಲ್ಲಿ ಬೇಕಾದಷ್ಟು ಮರಳು ಬಿದ್ದಿದೆ ಅಂದುಕೊಂಡದ್ದು ತಪ್ಪಾಗಿತ್ತು. ಹೆಚ್ಚಿನ ಮರಳು ಬಂದದ್ದು ಮೇಲಿನ ಹಳೆಯ ದಿಣ್ಣೆಗಳನ್ನೇ ಕೊರೆದು. ಇದು ಗೊತ್ತಾದದ್ದು ಅಳೆದವರಿಂದ. ಈಗ ಪಾರಿಯಾ ಅನ್ನುವ ಸಣ್ಣ ಹೊಳೆ ಮಳೆಗಾಲದಲ್ಲಿ ಹೊಸ ಮರಳು ತಂದು ಸುರಿದರೆ, ಅದನ್ನು ಲೆಕ್ಕ ಹಾಕಿ, ಆಮೇಲೆ ಪ್ರವಾಹದ ಮಾತು.

ನನಗೆ ಇದಕ್ಕಿಂತ ಇಷ್ಟ ಹುಳುಗಳ ಕಥೆ. ಕರೆಂಟಿನ ಬೇಡಿಕೆ ನೋಡಿ ನೀರು ಬಿಡುವುದರಿಂದ ನದಿ ದಿನಾ ಏರುತ್ತದೆ, ಇಳಿಯುತ್ತದೆ. ಮೀನಿಗೆ ಆಹಾರವಾಗುವ ಹುಳುಗಳು ಮೊಟ್ಟೆ ಇಡುವುದು ನೀರಿನ ಅಂಚಿನಲ್ಲಿ. ನೀರು ಇಳಿದರೆ ಮೊಟ್ಟೆ ಕಲ್ಲಿನ ಮೇಲೆ ಒಣಗಿ ಸಾಯುತ್ತದೆ. ಇದನ್ನು ಕಂಡುಹಿಡಿಯೋದಕ್ಕೆ ನೆರವಾದವರು ಯಾರು ಗೊತ್ತಾ? ಪ್ರವಾಸಿಗಳನ್ನು ರಾಫ್ಟ್‌ನಲ್ಲಿ ಕರೆದೊಯ್ಯುವ ದೋಣಿಯವರು. ದಿನಾ ಸಂಜೆ ದಡದಲ್ಲಿ ಒಂದು ಡಬ್ಬಿಗೆ ಸ್ಪಿರಿಟ್ ಹಾಕಿ, ಪಕ್ಕದಲ್ಲಿ ಸಣ್ಣ ದೀಪ ಹಚ್ಚಿ, ಒಂದು ಗಂಟೆ ಬಿಟ್ಟು, ಬಿದ್ದ ಹುಳುಗಳನ್ನು ಬಾಟಲಿಗೆ ಸುರಿದು ತಂದುಕೊಟ್ಟರು. ವರ್ಷಗಟ್ಟಲೆ. ಅದರ ಮೇಲೆ 2018ರ ಬೇಸಿಗೆಯಲ್ಲಿ ವಾರಾಂತ್ಯ ಮಾತ್ರ ನೀರನ್ನು ಕಡಿಮೆ ಮಟ್ಟದಲ್ಲಿ ಅಲುಗಾಡದಂತೆ ಇಟ್ಟು ನೋಡಿದರು. ಶನಿವಾರ, ಭಾನುವಾರ ಇಟ್ಟ ಮೊಟ್ಟೆ ಸೋಮವಾರ ನೀರು ಏರಿದರೂ ಒದ್ದೆಯಾಗೇ ಇರುತ್ತದೆ. ವಾರಾಂತ್ಯವೇ ಯಾಕೆ? ಆಗ ಕರೆಂಟಿಗೆ ಬೇಡಿಕೆ ಕಡಿಮೆ, ನಷ್ಟವೂ ಕಡಿಮೆ. ವಿಜ್ಞಾನ ಅಂದರೆ ಇಲ್ಲಿ ಈ ಥರದ ಚೌಕಾಸಿಯೂ ಹೌದು.

ನನ್ನ ಪಾಲಿನ ಕೆಲಸ ಹಂಪ್‌ಬ್ಯಾಕ್ ಚಬ್ ಅನ್ನುವ ಗೂನುಬೆನ್ನಿನ ಮೀನಿನದು. ಲಿಟಲ್ ಕೊಲರಾಡೊ ಅನ್ನುವ ಉಪನದಿ ಬಂದು ಸೇರುವ ಕಡೆ ಈ ಮೀನು ಜಾಸ್ತಿ. ಬೆಳಿಗ್ಗೆ ಬಲೆ ಎತ್ತುತ್ತೇವೆ. ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು, ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಅಳತೆ ಹಲಗೆಯ ಮೇಲೆ ಮಲಗಿಸಿ ಉದ್ದ ಕೂಗುತ್ತೇನೆ, ಪಕ್ಕದವರು ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳುತ್ತಾರೆ. ಆಮೇಲೆ ಹೊಟ್ಟೆಯ ಮೇಲೆ ಸ್ಕ್ಯಾನರ್ ಆಡಿಸುತ್ತೇವೆ. ಹಿಂದೆ ಯಾರಾದರೂ ಒಳಗೆ ಅಕ್ಕಿಕಾಳಿನಷ್ಟು ಗುರುತಿನ ಟ್ಯಾಗ್ ಹಾಕಿದ್ದರೆ ಬೀಪ್ ಅನ್ನುತ್ತದೆ. ಒಂದು ಸಲ ಬೀಪ್ ಅಂದ ಮೀನು ನಾನು ಈ ದೇಶಕ್ಕೆ ಬರುವ ಮುಂಚೆಯೇ ಟ್ಯಾಗ್ ಹಾಕಿಸಿಕೊಂಡಿತ್ತು. ನನಗಿಂತ ಹಳೆಯ ನಿವಾಸಿ! 1967ರಿಂದ ಅಳಿವಿನಂಚಿನ ಪಟ್ಟಿಯಲ್ಲಿದ್ದ ಈ ಮೀನನ್ನು 2021ರಲ್ಲಿ ಒಂದು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದರು. ಅದರ ಹಿಂದೆ ಇರುವುದು ಇಂಥ ಸಾವಿರಾರು ಬೀಪ್.

ಆದರೆ ಒಂದು ಮಾತು ಈಗಲೇ ಕೇಳಿಸಿಕೊಳ್ಳಿ. ಲೆಕ್ಕ ಕೊಡುವವರು ನಾವು, ತೀರ್ಮಾನ ಮಾಡುವವರು ನಾವಲ್ಲ. ಚಬ್ ಮರಿಗಳನ್ನು ಟ್ರೌಟ್ ಅನ್ನುವ ಇನ್ನೊಂದು ಮೀನು ತಿನ್ನುತ್ತದೆ ಅಂತ 2003ರಿಂದ ಕೆಲವು ವರ್ಷ ಆ ಸಂಗಮದ ಹತ್ತಿರ ಟ್ರೌಟ್ ಹಿಡಿದು ಕೊಂದರು. ಲೆಕ್ಕದ ಕಣ್ಣಿಗೆ ಅದು ಸರಿ ಅನ್ನಿಸಿತ್ತು. ಆದರೆ ಆ ಜಾಗ ಝೂನಿ ಬುಡಕಟ್ಟಿನವರಿಗೆ ಪವಿತ್ರವಾದದ್ದು, ಅಲ್ಲಿ ಅಷ್ಟು ಜೀವ ತೆಗೆಯುವುದಕ್ಕೆ ಅವರು ವಿರೋಧ ಹೇಳಿದರು. ಅದನ್ನೂ ಮೇಜಿನ ಮೇಲೆ ಇಟ್ಟು ಮಾತಾಡಬೇಕಾಯಿತು, ಸಾಯಿಸದೆ ಸಾಗಿಸುವ ದಾರಿಯೂ ಚರ್ಚೆಗೆ ಬಂತು. ನನಗೂ ಒಂದು ಪೆಟ್ಟು ಬಿದ್ದಿದೆ. ಮೊದಲ ಕೆಲಸದಲ್ಲಿ ಎರಡು ವರ್ಷ ಕೂಡಿಸಿದ ಲೆಕ್ಕವನ್ನು ಒಂದು ಸಭೆಯಲ್ಲಿ ಐದೇ ನಿಮಿಷದಲ್ಲಿ ಪಕ್ಕಕ್ಕಿಟ್ಟರು. ಅವತ್ತು ರಾತ್ರಿ ವಾಪಸ್ ಟಿಕೆಟ್‌ನ ದರ ನೋಡಿದ್ದೆ. ನಿಮ್ಮ ಕೈಯಲ್ಲಿ ಇದು ಸಹಿಸೋಕಾಗಲ್ಲ ಅನ್ನಿಸಿದರೆ ಬೇರೆ ದಾರಿ ಹಿಡಿಯಿರಿ, ಅದರಲ್ಲಿ ನಾಚಿಕೆ ಇಲ್ಲ.

ಇನ್ನೊಂದು ಆಶ್ಚರ್ಯ ನಿಮಗೆ ಕಾದಿದೆ. ಇಲ್ಲಿ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ದೊಡ್ಡ ದುಡ್ಡು ಬರುವುದು ಬೇಟೆಗಾರರಿಂದ. 1937ರ ಒಂದು ಕಾಯ್ದೆಯ ಪ್ರಕಾರ ಬಂದೂಕು, ತೋಟಾಗಳ ಮೇಲಿನ ತೆರಿಗೆ ಈ ಕೆಲಸಕ್ಕೇ ಹೋಗುತ್ತದೆ. ಬೇಟೆ ಅಂದರೆ ಮುಖ ಕಿವಿಚುವ ಅಭ್ಯಾಸ ನನಗಿತ್ತು, ಬಿಡೋದಕ್ಕೆ ಸಮಯ ಹಿಡಿಯಿತು. ದನ ಮೇಯಿಸುವವರೂ ಅಷ್ಟೇ. ಫೆಡರಲ್ ಸರ್ಕಾರದ ಜಮೀನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಒಂದರ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ, ಅದರಲ್ಲಿ ಬಹುಪಾಲು ಜಾಗದಲ್ಲಿ ದನ ಮೇಯುತ್ತವೆ. ಯಾವ ಒರತೆ ಯಾವ ತಿಂಗಳು ಬತ್ತುತ್ತದೆ ಅಂತ ನನ್ನ ನಕ್ಷೆಗಿಂತ ಚೆನ್ನಾಗಿ ಹೇಳಿದ್ದು ಒಬ್ಬ ಮುದುಕ ರೈತ. ಸುಮ್ನೆ ಕೂತು ಕೇಳಿ, ಅವರಿಗೆ ಪಾಠ ಹೇಳೋಕೆ ಹೋಗಬೇಡಿ.

ಕಾಗದಪತ್ರದ ವಿಷಯ ಚಿಕ್ಕದಾಗಿ. ಫೆಡರಲ್ ಸರ್ಕಾರದ ಕಾಯಂ ಹುದ್ದೆಗೆ ಸಾಮಾನ್ಯವಾಗಿ ಇಲ್ಲಿನ ಪೌರತ್ವ ಬೇಕು. ಅಲ್ಲಿ ಅರ್ಜಿ ಹಾಕುತ್ತಾ ಕೂರಬೇಡಿ. ಅದೇ ಇಲಾಖೆಗಳ ಎಷ್ಟೋ ಕೆಲಸ ನಡೆಯುವುದು ವಿಶ್ವವಿದ್ಯಾಲಯಗಳ ಮೂಲಕ, ನಾನೂ ಹಾಗೇ ಸೇರಿಕೊಂಡವನು. ಓದು ಮುಗಿದ ಮೇಲೆ ಇಲ್ಲೇ ಕೆಲಸ ಮಾಡೋಕೆ ಕೊಡುವ ಅನುಮತಿ, ಅಂದರೆ ಒಪಿಟಿ, 12 ತಿಂಗಳು, ವಿಜ್ಞಾನದ ಪದವಿಗೆ ಇನ್ನೂ 24 ತಿಂಗಳು. ವಿಶ್ವವಿದ್ಯಾಲಯದ ಕೆಲಸವಾದರೆ ಎಚ್-1ಬಿ ಕೆಲಸದ ವೀಸಾದ ಲಾಟರಿಯ ಗೋಜಿಲ್ಲ. ಗ್ರೀನ್ ಕಾರ್ಡ್ ಕ್ಯೂ ಮಾತ್ರ ಭಾರತದಲ್ಲಿ ಹುಟ್ಟಿದವರಿಗೆ ಬಲು ಉದ್ದ. ಸಾಫ್ಟ್‌ವೇರ್ ಸ್ನೇಹಿತರ ಸಂಬಳ ಕೇಳಬೇಡಿ, ನಿದ್ದೆ ಕೆಡುತ್ತದೆ.

ಒಂಟಿತನ? ಇದೆ. ಎರಡೆರಡು ವಾರ ಕಣಿವೆಯೊಳಗೆ ಫೋನ್ ಸಿಗ್ನಲ್ ಇರುವುದಿಲ್ಲ. ಅಜ್ಜಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಒಂಬತ್ತು ದಿನ ತಡವಾಗಿ, ದೋಣಿ ದಡ ಸೇರಿ ಫೋನ್ ಹಚ್ಚಿದಾಗ. ಅವತ್ತು ಮನೆಯವರೆಗೆ ಗಾಡಿ ಓಡಿಸಿದ್ದು ನಮ್ಮ ದೋಣಿಯವನು. ಏನೂ ಮಾತಾಡಲಿಲ್ಲ, ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಕಾಫಿ ಕೊಡಿಸಿದ.

ಮುಂದಿನ ಭಾನುವಾರ ಬಿಡುವಿದ್ದರೆ ಕೊಲರಾಡೊ ದಡದ ಲೀಸ್ ಫೆರಿಗೆ ಹೋಗಿಬರೋಣ. ಎರಡು ಗಂಟೆಗೂ ಜಾಸ್ತಿ ದಾರಿ, ಕಾರು ನನ್ನದು. ಟೋಪಿ, ಎರಡು ಬಾಟಲಿ ನೀರು ತನ್ನಿ. ಪಾರಿಯಾ ಬಂದು ಸೇರುವುದು ಅಲ್ಲೇ. ಮೇಲೆ ಮಳೆ ಬಿದ್ದಿದ್ದರೆ ಒಂದು ಕಡೆ ಕೆಂಪು ನೀರು, ಇನ್ನೊಂದು ಕಡೆ ಹಸಿರು ನೀರು, ಸ್ವಲ್ಪ ದೂರ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದು ಕಾಣಿಸುತ್ತದೆ.