ನ್ಯಾಯವನ್ನು ಅಳೆಯುವುದು ಯಾವ ಕೋಲಿನಿಂದ?

ಮಾನ್ಯರೇ, ನಮಸ್ಕಾರ.

ಹವಾಮಾನ ಬದಲಾವಣೆಗೆ ಸಿರಿವಂತ ದೇಶಗಳೇ ಹೊಣೆಯೆನ್ನುವ ‘ಸಿರಿವಂತರ ಹೊಗೆ, ಬಡವರ ಬೆವರು!’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ನಿಲುವಿನ ಬಗ್ಗೆ ನನ್ನ ತಕರಾರಿಲ್ಲ. ಬಹುಮಟ್ಟಿಗೆ ನನ್ನದೂ ಅದೇ. ಆದರೆ ‘ನ್ಯಾಯ’ ಎಂಬ ಪದ ಪುಟಕ್ಕೆ ನಾಲ್ಕೈದು ಬಾರಿ ಬರುವ ಈ ಬರಹದಲ್ಲಿ ಆ ನ್ಯಾಯದ ಅಳತೆಗೋಲು ಯಾವುದೆಂದು ಎಲ್ಲಿಯೂ ಹೇಳಿಲ್ಲ.

ಅಮೆರಿಕವನ್ನು ದೂರುವಾಗ ನೀವು ತಲಾವಾರು ಲೆಕ್ಕ ಹಿಡಿಯುತ್ತೀರಿ, ಬ್ರಿಟನ್ನಿನ ವಿಷಯಕ್ಕೆ ಬಂದಾಗ ಕೈಗಾರಿಕಾ ಕ್ರಾಂತಿಯಿಂದ ಈಚಿನ ಒಟ್ಟು ಹೊಗೆಯನ್ನು ಎಣಿಸುತ್ತೀರಿ, ಚೀನಾದ ಹೆಸರು ಬಂದೊಡನೆ ಎರಡನ್ನೂ ಕೈಬಿಟ್ಟು ಮುಂದಿನ ಪ್ಯಾರಾಕ್ಕೆ ಹೋಗುತ್ತೀರಿ. ಪಳೆಯುಳಿಕೆ ಇಂಧನಗಳನ್ನು ಸುಟ್ಟು ಇದುವರೆಗೆ ಬಿಟ್ಟಿರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಭಾರತದ ಪಾಲು ಶೇ 3ರಿಂದ 4ರಷ್ಟು. ವರ್ಷಕ್ಕೆ ಒಬ್ಬ ಅಮೆರಿಕನ್ನನ ಲೆಕ್ಕಕ್ಕೆ ಸುಮಾರು 14 ಟನ್, ಭಾರತೀಯನ ಲೆಕ್ಕಕ್ಕೆ ಸುಮಾರು 2 ಟನ್ ಬೀಳುತ್ತದೆ. ಆದರೆ ಚೀನಾದ ತಲಾ ಪ್ರಮಾಣ ಈಗ 8 ಟನ್ನಿನ ಆಸುಪಾಸಿನಲ್ಲಿದ್ದು, ಐರೋಪ್ಯ ಒಕ್ಕೂಟದ ಸರಾಸರಿಯನ್ನು ಮೀರಿದೆ. 1992ರ ಹವಾಮಾನ ಒಪ್ಪಂದದಲ್ಲಿ ಹೊಣೆ ಹೊರಬೇಕಾದ ಸಿರಿವಂತ ದೇಶಗಳ ಪಟ್ಟಿ ಮಾಡಿದಾಗ ಅದರ ಹೊರಗುಳಿದ ಕತಾರ್, ಸಿಂಗಪುರ, ದಕ್ಷಿಣ ಕೊರಿಯಾ ಈಗ ಸಿರಿವಂತವಾಗಿದ್ದರೂ ಇಂದಿಗೂ ಹೊರಗೇ ಇವೆ. ಈ ಇಕ್ಕಟ್ಟಿನ ಪ್ರಶ್ನೆಯನ್ನು ನೀವೇ ಎತ್ತಿ ಉತ್ತರಿಸದಿದ್ದರೆ, ನಿಮ್ಮನ್ನು ಒಪ್ಪದ ಓದುಗ ಎತ್ತುತ್ತಾನೆ, ಉತ್ತರವನ್ನೂ ಅವನೇ ಕೊಟ್ಟುಕೊಳ್ಳುತ್ತಾನೆ.

ಸಿರಿವಂತ ದೇಶಗಳು ಬಡ ದೇಶಗಳಿಗೆ ‘ನಯಾಪೈಸೆಯನ್ನೂ ಕೊಟ್ಟಿಲ್ಲ’ ಎಂಬ ನಿಮ್ಮ ವಾಕ್ಯ ತಪ್ಪು. ಹವಾಮಾನ ಬದಲಾವಣೆಯನ್ನು ಎದುರಿಸಲು ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು 2020ರ ಹೊತ್ತಿಗೆ ಈಡೇರಬೇಕಿತ್ತು. ಸಿರಿವಂತ ದೇಶಗಳ ಸಂಘಟನೆಯಾದ ಒಇಸಿಡಿಯ ಲೆಕ್ಕದಂತೆಯೇ ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಹೆಚ್ಚಿನ ಪಾಲು ಸಾಲ. ಬಡ್ಡಿ ಸಮೇತ ಮರಳಿಸಬೇಕಾದ ಹಣವನ್ನು ‘ನೆರವು’ ಎಂದು ಜಮಾ ಬರೆದುಕೊಳ್ಳುವುದು ಯಾವ ಧರ್ಮ ಎಂದು ನೀವು ಕೇಳಿದ್ದರೆ, ಆ ಒಂದು ಪ್ರಶ್ನೆ ನಿಮ್ಮ ಮೂರು ಪುಟಗಳ ಆಕ್ರೋಶಕ್ಕಿಂತ ತೂಕದ್ದಾಗುತ್ತಿತ್ತು.

ಇಂದಿರಾ ಗಾಂಧಿಯವರ ಮಾತನ್ನೂ ತಿದ್ದಬೇಕು. ಬಡತನವೇ ಅತಿ ದೊಡ್ಡ ಮಾಲಿನ್ಯಕಾರಕವೆಂದು ಅವರು 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಸಾರಿದರೆಂದು ಎಲ್ಲರೂ ಬರೆಯುತ್ತಾರೆ, ನೀವೂ ಬರೆದಿದ್ದೀರಿ. ಅವರು ಆಡಿದ್ದು ಪ್ರಶ್ನೆಯ ರೂಪದಲ್ಲಿ, ಹಳ್ಳಿ ಮತ್ತು ಕೊಳೆಗೇರಿಗಳಲ್ಲಿ ಬದುಕೇ ಕಲುಷಿತವಾಗಿರುವವರಿಗೆ ಕಡಲು, ನದಿ, ಗಾಳಿಯನ್ನು ಶುದ್ಧವಾಗಿಡಿ ಎಂದು ಹೇಗೆ ಹೇಳುವುದೆಂಬ ಸಂಕಟದೊಂದಿಗೆ. ಆ ಸಂದರ್ಭವನ್ನು ಬಿಟ್ಟರೆ ಮಾತು ಬಡವರ ಮೇಲಿನ ಆರೋಪವಾಗಿಬಿಡುತ್ತದೆ.

ನನಗೆ ಹೆಚ್ಚು ಬೇಸರವಾದದ್ದು ಮಾಂಟ್ರಿಯಲ್ ಒಪ್ಪಂದಕ್ಕೆ ನೀವು ಅರ್ಧ ಸಾಲನ್ನಷ್ಟೇ ಕೊಟ್ಟಿರುವುದಕ್ಕೆ. ಫ್ರಿಜ್ಜುಗಳಲ್ಲಿ ಬಳಸುತ್ತಿದ್ದಂಥ ಅನಿಲಗಳಿಂದ ಓಜೋನ್ ಪದರವನ್ನು ಉಳಿಸಲು 1987ರಲ್ಲಿ ಆದ ಆ ಒಪ್ಪಂದ, ಅವುಗಳ ತಲಾ ಬಳಕೆ ಕಡಿಮೆಯಿದ್ದ ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷಗಳ ಹೆಚ್ಚಿನ ಕಾಲಾವಕಾಶವನ್ನು ನಿಯಮವಾಗಿಯೇ ಬರೆಯಿತು; 1990ರಲ್ಲಿ ಲಂಡನ್ನಿನಲ್ಲಿ ತಂತ್ರಜ್ಞಾನ ಬದಲಾವಣೆಯ ವೆಚ್ಚಕ್ಕೆಂದು ಪ್ರತ್ಯೇಕ ನಿಧಿಯೂ ಸ್ಥಾಪನೆಯಾಯಿತು. ಅಲ್ಲಿಯವರೆಗೆ ದೂರ ನಿಂತಿದ್ದ ಭಾರತ ಒಳಬಂದದ್ದು 1992ರಲ್ಲಿ. ಫ್ರಿಜ್ಜಿನ ಅನಿಲದ ವಿಷಯದಲ್ಲಿ ಸಾಧ್ಯವಾದದ್ದು ಕಲ್ಲಿದ್ದಲು, ತೈಲಗಳ ವಿಷಯದಲ್ಲಿ ಏಕೆ ಸಾಧ್ಯವಾಗುತ್ತಿಲ್ಲ? ಬದಲಿ ಅನಿಲ ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟಿದ್ದವು ಎಂಬುದು ಒಂದು ಕಾರಣ. ಉಳಿದವನ್ನು ನೀವು ಹುಡುಕಿ ಬರೆಯಿರಿ. ನಿಮ್ಮ ಲೇಖನದ ನಡುಭಾಗ ಅಲ್ಲಿದೆ.

ಭತ್ತದ ಗದ್ದೆಯಿಂದ ಹೊಮ್ಮಿ ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲವನ್ನೂ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಪ್ಯಾರಾ ಚೆನ್ನಾಗಿದೆ. ಆದರೆ 1991ರಲ್ಲೇ ಪರಿಸರ ಚಿಂತಕರಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಮಂಡಿಸಿದ ವಾದವದು; ಅವರ ಹೆಸರು ಹೇಳದೆ ಬಳಸುವುದು ಸಲ್ಲದು.

ಪೀಠಿಕೆಯ ಒಂದೂವರೆ ಪುಟವನ್ನು ಪೂರ್ತಿ ತೆಗೆದು, 1,200 ಪದಗಳಿಗೆ ಇಳಿಸಿ, ಮುಂದಿನ ತಿಂಗಳ ಕೊನೆಯೊಳಗೆ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಶೀರ್ಷಿಕೆಯ ಆಶ್ಚರ್ಯಸೂಚಕ ಚಿಹ್ನೆಯನ್ನು ಮಾತ್ರ ಈಗಲೇ ಹೊಡೆದುಹಾಕಿದ್ದೇನೆ.

ಇಂತಿ,
ಸಂಪಾದಕ